ಹೊಸ್ತಿಲ ಕೆಳಗಿನ ತಕ್ಕಡಿಯ ದುಡ್ಡು

ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿ ಹಳೆಯ ಮಾಳಿಗೆಯ ಮನೆಯೊಂದನ್ನು ಇಳಿಸಿ ಹೊಸದಾಗಿ ಕಟ್ಟಬೇಕೆಂದು ಮನೆಯವರು ನಿಶ್ಚಯಿಸಿದರು. ತಲೆಬಾಗಿಲಿನ ಚೌಕಟ್ಟನ್ನು ಕಿತ್ತು ಹೊಸ್ತಿಲನ್ನು ಹಾರೆಯಿಂದ ಮೀಟಿದಾಗ ಅದರಡಿಯ ಮಣ್ಣಿನಲ್ಲಿ ಹಸಿರುಗಟ್ಟಿದ ಒಂದು ತಾಮ್ರದ ದುಡ್ಡು ಕಂಡಿತು. ಬಾಗಿಲು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ಅರಿಷಿಣ ಕುಂಕುಮ ನವಧಾನ್ಯಗಳೊಡನೆ ಒಂದು ನಾಣ್ಯವನ್ನಿಡುವ ವಾಡಿಕೆ ನಮ್ಮ ಭಾಗದಲ್ಲಿ ಉಂಟಷ್ಟೆ. ಧಾನ್ಯವು ಮಣ್ಣಾಗಿತ್ತು, ದುಡ್ಡು ಉಳಿದಿತ್ತು. ಆ ಮನೆಯ ಮೊಮ್ಮಗನು ಒಂದು ಕಾಲಕ್ಕೆ ನನ್ನ ಕೈಯಲ್ಲಿ ಕಲಿತವನು. ಅವನು ಅದನ್ನು ಕಾಗದದಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದು, "ಗುರುಗಳ, ಇದು ಹದಿನೆಂಟುನೂರಾ ಹದಿನೆಂಟರದ್ದು ಹೌದಲ್ರಿ?" ಎಂದು ಕೇಳಿದನು.

ನಾಣ್ಯವು ಯಾವಾಗಿನದೆಂದು ಕೇಳದೆ, ಒಂದು ವರ್ಷವನ್ನು ತಾನೇ ಹಿಡಿದುಕೊಂಡು ಬಂದು ಹೌದೆನ್ನಿರೆಂದು ಕೇಳುವವನ ಬೆನ್ನ ಹಿಂದೆ ಏನೋ ಇರುವುದೆಂಬುದು ಮೂವತ್ತು ವರ್ಷ ಪಾಠ ಹೇಳಿದವನಿಗೆ ತಿಳಿಯದೆ ಹೋಗದು. ವಿಚಾರಿಸಲು ಎರಡು ಸಂಗತಿಗಳು ಹೊರಬಿದ್ದವು. ತಮ್ಮ ಮನೆಯು ರಾಸ್ತೆಯವರ ಕಾಲದ್ದೆಂದೂ, ಬಾಗಲಕೋಟೆಯಲ್ಲಿ ಅವರ ಅಮಲು ನಡೆದಿದ್ದಾಗ ಮೂಲಪುರುಷನು ಅದನ್ನು ಕಟ್ಟಿಸಿದನೆಂದೂ ಮನೆತನದಲ್ಲಿ ನಡೆದುಬಂದ ಮಾತು, ಇದು ಒಂದು. ಇನ್ನೊಂದು, ಸಂತೆಯಲ್ಲಿ ಗಂಟುಬಿದ್ದ ಒಬ್ಬ ದಲಾಲನ ಮಾತು. 1818ರ ಕಂಪನಿಯ ದುಡ್ಡಾದರೆ ಲಕ್ಷಗಟ್ಟಲೆ ಬೆಲೆಯುಂಟು, ಕೊಳ್ಳುವವರು ತನ್ನ ಕೈಯಲ್ಲಿಯೇ ಇರುವರು, ಮೊದಲು ಪರೀಕ್ಷೆಯ ವೆಚ್ಚಕ್ಕೆಂದು ಮೂವತ್ತು ಸಾವಿರ ರೂಪಾಯಿ ಇಡಿರಿ ಎಂದು ಅವನು ಹೇಳಿದ್ದನು. ಮನೆ ಕಟ್ಟಲೆಂದು ಕೂಡಿಟ್ಟ ಹಣದಲ್ಲಿ ಅಷ್ಟನ್ನು ತೆಗೆಯಬೇಕೋ ಬೇಡವೋ ಎಂಬುದು ಎರಡು ದಿನದೊಳಗೆ ತೀರ್ಮಾನವಾಗಬೇಕಾಗಿತ್ತು. ಆದಕಾರಣ ಈ ಸಣ್ಣ ತಾಮ್ರದ ತುಂಡಿನ ಕಾಲನಿರ್ಣಯವು ಕೇವಲ ಪಂಡಿತರ ವಿನೋದವಾಗಿ ಉಳಿಯಲಿಲ್ಲ.

1818 ನಮ್ಮ ಸೀಮೆಯವರು ಮರೆಯುವ ವರ್ಷವಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಥಾಮಸ್ ಮನ್ರೋ ಬಾದಾಮಿಯ ಕೋಟೆಯನ್ನು ಗೆದ್ದು ಬಾಗಲಕೋಟೆಯನ್ನೂ ಕೈವಶ ಮಾಡಿಕೊಂಡನು. ಪೇಶ್ವೆಯ ಆಳಿಕೆ ಮುಗಿದು ಕಂಪನಿ ಸರಕಾರದ ಆಳಿಕೆ ಮೊದಲಾಯಿತು. ಅದಕ್ಕಿಂತ ಮುಂಚೆ ಬಾಗಲಕೋಟೆಯು ಪೇಶ್ವೆಯ ಸರದಾರರಾದ ರಾಸ್ತೆಯವರ ಕೈಯಲ್ಲಿದ್ದಿತು. ಅಲ್ಲಿ ಅವರ ಟಂಕಸಾಲೆಯೂ ಇದ್ದಿತು. ಅದರಲ್ಲಿ ಹೊಡೆದ ಬೆಳ್ಳಿಯ ರೂಪಾಯಿಗೆ ಮಲ್ಹಾರರಾವ ರಾಸ್ತೆಯ ಹೆಸರಿನಿಂದ ಮಲ್ಹಾರಶಾಹಿಯೆಂದು ಹೆಸರು. ಸಂತೆ ಪೇಟೆಗಳ ತಾಮ್ರದ ವ್ಯವಹಾರವೋ ಶಿವರಾಯಿಯದು. ಒಂದು ಮೈಯಲ್ಲಿ 'ಶ್ರೀ ರಾಜಾ ಶಿವ', ಇನ್ನೊಂದರಲ್ಲಿ 'ಛತ್ರಪತಿ' ಎಂಬ ನಾಗರಿ ಅಕ್ಷರಗಳಿರುವ, ಸುತ್ತಿಗೆಯಿಂದ ಹೊಡೆದ, ಅಂಚು ಸರಿಯಿಲ್ಲದ ಆ ದಪ್ಪ ದುಡ್ಡನ್ನು ನಮ್ಮ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇಂದೂ ಕಾಣಬಹುದು. ರಾಸ್ತೆಯವರ ಕಾಲದಲ್ಲಿ ನಿಲ್ಲಿಸಿದ ಬಾಗಿಲಾದರೆ ಅದರಡಿಯಲ್ಲಿ ಶಿವರಾಯಿ ಇರಬೇಕಾದದ್ದು ಸಹಜ. ಕಂಪನಿಯ ದುಡ್ಡು ಅಲ್ಲಿಗೆ ಹೇಗೆ ಬಂದೀತು?

ದಲಾಲನು 1818 ಎಂಬ ಅಂಕಿಯನ್ನೇ ಏಕೆ ಹಿಡಿದನೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆನು. ಈಚೆಗೆ ಜಾತ್ರೆಗಳಲ್ಲಿಯೂ ಪಟ್ಟಣದ ಬೀದಿಗಳಲ್ಲಿಯೂ, ಒಂದು ಮೈಯಲ್ಲಿ ಹನುಮಂತ, ರಾಮಪಟ್ಟಾಭಿಷೇಕ ಅಥವಾ ಕಮಲ, ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒಂದು ಆಣೆ, 1818 ಎಂದು ಇಂಗ್ಲಿಷಿನಲ್ಲಿ ಬರೆದಿರುವ ಬಿಲ್ಲೆಗಳು ಹೇರಳವಾಗಿ ದೊರೆಯುತ್ತವೆ. ಅರ್ಧ ಆಣೆ 1717, ಎರಡು ಆಣೆ 1616 ಎಂದಿರುವವೂ ಉಂಟು. ಇವು ಯಾವ ಸರಕಾರವೂ ಹೊಡೆದ ನಾಣ್ಯಗಳಲ್ಲ. ಭಕ್ತರಿಗೂ ಭೋಳೆಯರಿಗೂ ಮಾರಲೆಂದು ಈಚಿನ ಕಾಲದಲ್ಲಿ ಮಾಡಿದ ಬಿಲ್ಲೆಗಳು. 1616ರಲ್ಲಿ ಕಂಪನಿಯ ಸ್ಥಿತಿಯೇನು? ಇಂಗ್ಲೆಂಡದ ದೊರೆಯ ರಾಯಭಾರಿ ಥಾಮಸ್ ರೋ ಎಂಬಾತನು ಜಹಾಂಗೀರ ಬಾದಶಹನ ದರಬಾರಿನಲ್ಲಿ ವ್ಯಾಪಾರದ ಅನುಮತಿಗಾಗಿ ಕೈಕಟ್ಟಿ ನಿಂತಿದ್ದ ಕಾಲವದು. ಇನ್ನು ಒಂದಾಣೆಯ ಬಿಲ್ಲೆಯು ನಮ್ಮ ದೇಶದಲ್ಲಿ ಮೊದಲು ಚಲಾವಣೆಗೆ ಬಂದದ್ದು 1907ರಲ್ಲಿ, ಅದೂ ತಾಮ್ರ ನಿಕ್ಕಲ್ ಬೆರೆಸಿದ ಬಿಳಿಯ ಲೋಹದಲ್ಲಿ, ಹೂವಿನ ದಳದಂತಹ ಅಂಚಿನಿಂದ. ಅಕ್ಕಿಯನ್ನು ತನ್ನತ್ತ ಸೆಳೆಯುವ ತಾಮ್ರವೆಂದು ಹೇಳಿ ಮನೆಮಠಗಳನ್ನು ಮಾರಿಸಿದವರ ಸುದ್ದಿಯನ್ನು ವೃತ್ತಪತ್ರಗಳಲ್ಲಿ ಓದಿದ್ದೇವೆ. ಈ ದಲಾಲನೂ ಅದೇ ಮಠದ ಶಿಷ್ಯನು.

ಆದರೆ ದಲಾಲನು ಸುಳ್ಳುಗಾರನೆಂಬ ಮಾತ್ರಕ್ಕೆ ದುಡ್ಡು ಸುಳ್ಳಾಗದು. ಹೊಸ್ತಿಲ ಕೆಳಗೆ ಸಿಕ್ಕ ನಾಣ್ಯವು ನಿಜವಾದ ನಾಣ್ಯವೇ. ಅದನ್ನು ಓದುವ ಬಗೆ ಹೇಗೆ?

ನನ್ನ ಕೈಗೆ ಬರುವಷ್ಟರಲ್ಲಿ ಮನೆಯ ಹೆಣ್ಣುಮಕ್ಕಳು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ದೇವರ ತಂಬಿಗೆಗೆ ಯೋಗ್ಯವಾದ ಈ ಉಪಚಾರವು ಹಳೆಯ ನಾಣ್ಯಕ್ಕೆ ವಿಷ. ಮಣ್ಣಿನಲ್ಲಿ ತಾಮ್ರವು ಕಟ್ಟಿಕೊಂಡ ಕಪ್ಪು ಹಸಿರಿನ ಪೊರೆಯಲ್ಲಿ ಅಳಿದುಹೋದ ಅಕ್ಷರಗಳ ನೆರಳು ಎಷ್ಟೋ ವೇಳೆ ಉಳಿದಿರುತ್ತದೆ. ಹುಳಿಯು ಅದನ್ನು ಮೊದಲು ತಿನ್ನುತ್ತದೆ. ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಪಾಠಶಾಲೆಯಲ್ಲಿ ಅಮರಕೋಶ ಒಪ್ಪಿಸುತ್ತಿದ್ದ ವಯಸ್ಸಿನಲ್ಲಿ ಹೊಳೆದಂಡೆಯ ಮಣ್ಣಿನಲ್ಲಿ ಸಿಕ್ಕ ಒಂದು ದುಡ್ಡನ್ನು ನಾನೂ ಹುಣಸೆಹಣ್ಣು ಬೂದಿಗಳಿಂದ ಬೆಳಗಿ, ಕನ್ನಡಿಯಂತೆ ಮಾಡಿ, ಯಾವುದೆಂದು ಯಾರೂ ಹೇಳಲಾರದಂತೆ ಮಾಡಿದ್ದೆನು. ಅದು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಮೋರೆಯಿಲ್ಲದ ತಾಮ್ರದ ಬಿಲ್ಲೆ.

ಮೊದಲು ತೂಕ. ಬೀಳಗಿಯ ಪತ್ತಾರರ ಸಣ್ಣ ತಕ್ಕಡಿಯಲ್ಲಿ ಇಡಿಸಲು 5.9 ಗ್ರಾಮ ತೂಗಿತು. ಅಕ್ಷರವೇನೂ ಕಾಣದಿದ್ದಾಗಲೂ ತೂಕವು ಸಾಕ್ಷಿ ಹೇಳುತ್ತದೆ; ಏಕೆಂದರೆ ಸವೆದ ನಾಣ್ಯವು ತೂಕವನ್ನು ಕಳೆದುಕೊಳ್ಳಬಹುದೇ ಹೊರತು ಗಳಿಸಲಾರದು. ಇಂದಿನ ಎಳೆಯರಿಗಾಗಿ ಹಳೆಯ ಲೆಕ್ಕವನ್ನು ನೆನಪಿಸುವೆನು: ರೂಪಾಯಿಗೆ 16 ಆಣೆ, ಆಣೆಗೆ 4 ದುಡ್ಡು, ದುಡ್ಡಿಗೆ 3 ಪೈ, ಹೀಗೆ ರೂಪಾಯಿಗೆ 64 ದುಡ್ಡು, 192 ಪೈ. ಈ ಲೆಕ್ಕವು 1957ರ ಏಪ್ರಿಲ್ 1ರಂದು ನೂರು ನಯಾ ಪೈಸೆಗಳ ಮುಂದೆ ಮುಗಿಯಿತು. 1835ರ ಕಾಯಿದೆಯಂತೆ ಕಾಲಾಣೆಯ ತಾಮ್ರದ ದುಡ್ಡಿನ ತೂಕ 100 ಗ್ರೇನು, ಎಂದರೆ ಹತ್ತಿರ ಹತ್ತಿರ ಆರೂವರೆ ಗ್ರಾಮ. ಅದಕ್ಕೆ ತುಸು ಮುಂಚಿನ ಮುಂಬಯಿಯ ಕಾಲಾಣೆಯೂ ಹೆಚ್ಚುಕಡಿಮೆ ಇಷ್ಟೇ. 1906ರಲ್ಲಿ ತಾಮ್ರವನ್ನು ಬಿಟ್ಟು ಕಂಚನ್ನು ಹಿಡಿದಾಗ ಅದನ್ನು 75 ಗ್ರೇನಿಗೆ ಇಳಿಸಿದರು. ಅದು 5 ಗ್ರಾಮವನ್ನು ಮುಟ್ಟುವುದಿಲ್ಲ. 1943ರಿಂದ ಯುದ್ಧದ ಬಿಗುವಿನಲ್ಲಿ ಬಂದ ತೂತಿನ ದುಡ್ಡಂತೂ ಗಾಳಿಗೆ ಹಾರುವಂಥದು. ನಮ್ಮ ದುಡ್ಡು ಇಷ್ಟು ಸವೆದೂ 5.9 ಗ್ರಾಮ ಇರುವುದರಿಂದ 1906ರ ಈಚಿನ ಕಂಚಿನ ಕಾಲಾಣೆಯಲ್ಲವೆಂಬುದು ಒಂದೇ ತೂಕಕ್ಕೆ ತೀರಿತು.

ಎರಡನೆಯದು ಆಕಾರ. ಇದು ಸರಿಯಾಗಿ ದುಂಡಗಿದೆ, ದಪ್ಪವು ಎಲ್ಲ ಕಡೆಗೂ ಸಮ. ಸುತ್ತಿಗೆಯಿಂದ ಹೊಡೆದ ದುಡ್ಡು ಹೀಗಿರದು; ಅದರಲ್ಲಿ ಅಚ್ಚು ದೊಡ್ಡದು, ಲೋಹದ ತುಂಡು ಸಣ್ಣದು, ಚಿತ್ರದ ಅರ್ಧಭಾಗ ಹೊರಗೆ ಹೋಗಿರುತ್ತದೆ. ಇದು ಯಂತ್ರದ ಕೆಲಸ. ಮುಂಬಯಿ ಇಲಾಖೆಗಾಗಿ ಯಂತ್ರದಿಂದ ಹೊಡೆದ ಮೊದಲ ತಾಮ್ರದ ದುಡ್ಡು ಮುಂಬಯಿಯಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡದ ಬರ್ಮಿಂಗ್‌ಹ್ಯಾಮಿನ ಬಳಿಯ ಸೋಹೋ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್ನನು ಉಗಿಯಂತ್ರದಿಂದ ನಡೆಸುತ್ತಿದ್ದ ಟಂಕಸಾಲೆಯಲ್ಲಿ. 1791, 1794, 1804 ಎಂಬ ಇಸವಿಗಳುಳ್ಳ ದುಡ್ಡುಗಳು ಅಲ್ಲಿಂದ ಹಡಗಿನಲ್ಲಿ ಬಂದವು. ಮುಂಬಯಿಯಲ್ಲಿಯೋ ಆ ಬಳಿಕವೂ ಎಷ್ಟೋ ವರ್ಷ ಸುತ್ತಿಗೆಯ ಕೆಲಸವೇ ನಡೆದಿತ್ತು. ಕ್ಯಾಪ್ಟನ್ ಹಾಕಿನ್ಸ್ ಎಂಬ ಇಂಜಿನಿಯರನು ಕೋಟೆಯ ಭಾಗದಲ್ಲಿ ಕಟ್ಟಿಸಿದ ಹೊಸ ಟಂಕಸಾಲೆಯು 1829ರಲ್ಲಿ ಸಿದ್ಧವಾದ ಮೇಲೆ ಅಲ್ಲಿಯೂ ಉಗಿಯಂತ್ರ ನಡೆಯತೊಡಗಿತು.

ಇನ್ನು ಮುದ್ರೆ. ಮಧ್ಯಾಹ್ನದ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಸವೆದ ನಾಣ್ಯವನ್ನು ನೋಡಲು ತುಂಬು ಬೆಳಕು ಬೇಡ, ಓರೆಯ ಬೆಳಕು ಬೇಕು. ರಾತ್ರಿ ಕೋಣೆಯನ್ನು ಕತ್ತಲೆ ಮಾಡಿ, ಕೈದೀಪವನ್ನು ನೆಲದ ಮಟ್ಟಕ್ಕೆ ಹಿಡಿದು ನಾಣ್ಯವನ್ನು ಮೆಲ್ಲನೆ ತಿರುಗಿಸುತ್ತ ಹೋದಾಗ ಉಬ್ಬು ತಗ್ಗುಗಳ ನೆರಳು ಒಂದೊಂದಾಗಿ ಎದ್ದುಬಂದಿತು. ತೆಳುವಾದ ಕಾಗದವನ್ನು ಮೇಲೆ ಹಾಸಿ ಸೀಸದಕಡ್ಡಿಯಿಂದ ನವಿರಾಗಿ ತಿಕ್ಕಿ ಎರಡೂ ಮೈಗಳ ಪಡಿಯಚ್ಚು ತೆಗೆದೆನು. ಒಂದು ಮೈಯಲ್ಲಿ ನಡುವೆ ಗುರಾಣಿ, ಅದರ ಮೇಲೆ ಶಿಲುಬೆಯ ಗೆರೆ, ಎರಡು ಬದಿಗೆ ನಿಂತ ಯಾವುದೋ ಪ್ರಾಣಿಗಳ ಮೈಗಳು. ಇದು ಕಂಪನಿಯ ಲಾಂಛನ. ಎರಡು ಸಿಂಹಗಳು ಧ್ವಜ ಹಿಡಿದು ಗುರಾಣಿಯನ್ನು ಕಾಯುವುವು. ಕೆಳಗಿನ ಪಟ್ಟಿಯಲ್ಲಿ ಇಂಗ್ಲೆಂಡದ ಅರಸನ ಮತ್ತು ಪಾರ್ಲಮೆಂಟಿನ ಅಪ್ಪಣೆಯಿಂದ ಎಂಬರ್ಥದ ಲ್ಯಾಟಿನ್ ಮಾತು. ಮನುಷ್ಯನ ತಲೆ ಎಲ್ಲಿಯೂ ಇಲ್ಲ. ಆದುದರಿಂದ 1862ರಿಂದ ಮೊದಲಾದ ವಿಕ್ಟೋರಿಯಾ ರಾಣಿಯ ದುಡ್ಡಲ್ಲ.

ಇನ್ನೊಂದು ಮೈಯನ್ನು ಓದುವಾಗ ನಾನು ನಗೆಪಾಟಲಾದೆನು. ಕೆಳಗೆ ಜೋಲುವ ಎರಡು ಬಟ್ಟಲಿನಂತಹ ಗೆರೆಗಳು, ನಡುವೆ ಕೊಕ್ಕೆಕೊಕ್ಕೆಯಾದ ಒಂದು ಬರಹ. ಬಟ್ಟಲುಗಳನ್ನು ತಕ್ಕಡಿಯೆಂದು ಸರಿಯಾಗಿಯೇ ತಿಳಿದೆನು. ಕೊಕ್ಕೆಯನ್ನು ಮಾತ್ರ, ಕಣ್ಣಿಗೆ ರೂಢಿಯಾದದ್ದನ್ನೇ ಮನಸ್ಸು ಕಾಣುವುದರಿಂದ, ನಾಗರಿಯ ಓಂಕಾರವೆಂದು ಓದಿ ಹುಡುಗನಿಗೆ ಹೇಳಿಯೂ ಬಿಟ್ಟೆನು. ಮರುದಿನ ಉರ್ದು ಶಾಲೆಯಿಂದ ನಿವೃತ್ತರಾದ ನನ್ನ ಸ್ನೇಹಿತರು ಬಂದು, ಪಡಿಯಚ್ಚನ್ನು ಒಂದು ನಿಮಿಷ ನೋಡಿ, ನಕ್ಕು, "ಶಾಸ್ತ್ರಿಗಳ, ಇದು ನಿಮ್ಮ ಓಂ ಅಲ್ರಿ, ನಮ್ಮ ಅದ್ಲ್" ಎಂದರು. ಅದ್ಲ್ ಎಂದರೆ ನ್ಯಾಯ. ಆದಿಲಶಾಹಿಯ ರಾಜ್ಯದಲ್ಲಿ ಬೆಳೆದ ಊರಿನವನಾದ ನನಗೆ ಆ ಧಾತು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ತಕ್ಕಡಿ, ಅದರ ನಡುವೆ ನ್ಯಾಯವೆಂಬ ಮಾತು: ಇದು ಮುಂಬಯಿ ಇಲಾಖೆಯ ತಾಮ್ರದ ದುಡ್ಡಿನ ಗುರುತು. ತಕ್ಕಡಿಯನ್ನು ನಾಣ್ಯದ ಮೇಲೆ ಹಾಕಿದ ವರ್ತಕ ಸರಕಾರವು ಯಾವ ತಕ್ಕಡಿಯಿಂದ ಯಾರಿಗೆ ಎಷ್ಟು ತೂಗಿತೆಂಬುದನ್ನು ವಾಚಕರು ಬಲ್ಲರು.

ಬಂಗಾಲದ ದುಡ್ಡಾಗಲಿ ಮದರಾಸಿನ ಕಾಸಾಗಲಿ ಅಲ್ಲವೆಂದು ಇದರಿಂದ ತಿಳಿಯಿತು. 1835ರಲ್ಲಿ ಇಡೀ ಕಂಪನಿ ರಾಜ್ಯಕ್ಕೆ ಒಂದೇ ಬಗೆಯ ನಾಣ್ಯವನ್ನು ಗೊತ್ತುಪಡಿಸಿದಾಗ ತಕ್ಕಡಿಯು ಹೋಗಿ ಎಲೆಗಳ ಮಾಲೆಯು ಬಂದಿತಾದುದರಿಂದ ಇದು ಅದಕ್ಕೆ ಹಿಂದಿನದು. 1791 ಮತ್ತು 1794ರ ದುಡ್ಡುಗಳಲ್ಲಿಯೂ ತಕ್ಕಡಿಯಿದೆ. ಆದರೆ ಅವುಗಳ ಇನ್ನೊಂದು ಮೈಯಲ್ಲಿ ಸಿಂಹಗಳ ಲಾಂಛನವಿಲ್ಲ, ಮಾಲಿನ ಗಂಟುಗಳ ಮೇಲೆ ಕಂಪನಿಯವರು ಒತ್ತುತ್ತಿದ್ದ ಹೃದಯದಾಕಾರದ ವ್ಯಾಪಾರದ ಗುರುತಿದೆ. ಮುಂದೆ 1820ರ ದಶಕದವರೆಗೆ ಮುಂಬಯಿಯಲ್ಲಿ ಸುತ್ತಿಗೆಯಿಂದ ಹೊಡೆದವುಗಳಲ್ಲಿಯೂ ಅದೇ ಗುರುತು. ಲಾಂಛನ ತಕ್ಕಡಿಗಳೆರಡೂ ಕೂಡಿದ ಯಂತ್ರದ ದುಡ್ಡುಗಳು ಎರಡೇ ಬಗೆ: ಸೋಹೋದಿಂದ ಬಂದ 1804ರದು, ಮುಂಬಯಿಯ ಹೊಸ ಟಂಕಸಾಲೆಯ 1830 ಮತ್ತು 1833ರ ನಡುವಣದು. ಮೊದಲನೆಯದಾದರೆ ಮನೆತನದ ಮಾತಿಗೆ ಎಡೆಯುಂಟು, ಎರಡನೆಯದಾದರೆ ಇಲ್ಲ. ಇಷ್ಟು ಹತ್ತಿರಕ್ಕೆ ಬಂದು ನಿಂತಾಗ, ಹೇಳಿದರೆ ತಪ್ಪಾಗದು, ರಾತ್ರಿ ನಿದ್ರೆ ಬರಲಿಲ್ಲ.

ಎರಡು ಕುರುಹುಗಳು ದಾರಿ ತೋರಿಸಿದವು. ತಕ್ಕಡಿಯ ದಂಡಿಗೆಯ ಮೇಲ್ಗಡೆ ಅಂಚಿನ ಬಳಿ, ಓರೆಯ ಬೆಳಕಿನಲ್ಲಿ ಮಾತ್ರ ಕಾಣುವಂತೆ, ಒಂದರ ಪಕ್ಕಕ್ಕೊಂದು ನಿಂತ ಎರಡು ಇಂಗ್ಲಿಷ್ 'ಎನ್' ಅಕ್ಷರಗಳು. 1804ರ ದುಡ್ಡಿನ ಆ ಸ್ಥಳದಲ್ಲಿ ಬರಹವಿಲ್ಲ. 1830ರ ಬಳಿಕದ್ದರಲ್ಲಿ ಅಲ್ಲಿ ಕ್ವಾರ್ಟರ್ ಆನಾ, ಎಂದರೆ ಕಾಲಾಣೆಯೆಂಬ ಬರಹವಿದೆ. ಜೋಡಿ ಎನ್ ಬರುವುದು ಆನಾ ಎಂಬ ಪದದಲ್ಲಿಯೇ. ಎರಡನೆಯ ಕುರುಹು ತಕ್ಕಡಿಯ ಕೆಳಗಿನ ಹಿಜರಿ ವರ್ಷ. ಮೊದಲ ಮೂರು ಅಂಕಿಗಳು ಅಳಿದಿವೆ. ಕೊನೆಯದಕ್ಕೆ ಗುಂಡಾದ ತಲೆಯೂ ಕೆಳಗಿಳಿದ ಬಾಲವೂ ಇವೆ. ಈ ದುಡ್ಡುಗಳ ಮೇಲೆ ಬರುವ ಹಿಜರಿ ವರ್ಷಗಳು 1246ರಿಂದ 1249ರ ಒಳಗಿನವು. ಅರಬ್ಬೀ ಲಿಪಿಯಲ್ಲಿ ಆರಕ್ಕೆ ಕೊಕ್ಕೆಯಷ್ಟೇ. ಏಳು ಮೇಲೆ ಬಾಯಿ ತೆರೆದದ್ದು, ಎಂಟು ಅದನ್ನೇ ಬೋರಲು ಹಾಕಿದ್ದು. ಗುಂಡುತಲೆಯಿರುವುದು ಒಂಬತ್ತಕ್ಕೆ ಮಾತ್ರ. ಚಾಂದ್ರಮಾನದ ಹಿಜರಿ 1249 ಮೊದಲಾದದ್ದು 1833ರ ಮೇ ತಿಂಗಳಿನಲ್ಲಿ. ನಮ್ಮ ಲೆಕ್ಕದಲ್ಲಿ ಶಾಲಿವಾಹನ ಶಕ 1755, ವಿಜಯನಾಮ ಸಂವತ್ಸರ.

1818 ಅಲ್ಲ, 1833. ದಲಾಲನ ಮೂವತ್ತು ಸಾವಿರ ಉಳಿಯಿತು. ಇಷ್ಟು ಸವೆದ ಇಂಥ ದುಡ್ಡಿಗೆ ಪೇಟೆಯಲ್ಲಿ ಕೆಲವು ನೂರು ರೂಪಾಯಿಯೂ ಬರುವುದು ಕಷ್ಟವೆಂದು ಹುಡುಗನಿಗೆ ತಿಳಿಸಿದೆನು. ಅವನಿಗೆ ಸಮಾಧಾನವಾಯಿತು. ಆದರೆ ಅವನ ತಂದೆಗೆ ಬೇಕಾದದ್ದು ಹಣವಲ್ಲ, ರಾಸ್ತೆಯವರ ಕಾಲ. ಅದಕ್ಕಾಗಿ ನಾನೇ ಬಾಡಗಂಡಿಗೆ ಹೋಗಬೇಕಾಯಿತು.

ನಾಣ್ಯದ ಇಸವಿಯೇ ಬಾಗಿಲಿನ ಇಸವಿಯೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಬಾಗಿಲು 1833ಕ್ಕಿಂತ ಹಿಂದಿನದಲ್ಲವೆಂಬಷ್ಟನ್ನೇ ನಾಣ್ಯವು ಹೇಳುತ್ತದೆ. ಎಷ್ಟು ಮುಂದಿನದೆಂಬುದನ್ನು ಅದರ ಸವಕಳಿಯಿಂದ ಊಹಿಸಬೇಕು. ಮಣ್ಣು ತಿಂದ ಸವಕಳಿ ಬೇರೆ, ಕೈಗಳು ತಿಂದ ಸವಕಳಿ ಬೇರೆ. ಮಣ್ಣು ಅಲ್ಲಲ್ಲಿ ಕುಳಿ ತೋಡುತ್ತದೆ. ಕೈ ಮತ್ತು ಚೀಲಗಳು ಉಬ್ಬಿದ ಭಾಗವನ್ನು ಮೊದಲು ಮಟ್ಟ ಮಾಡುತ್ತವೆ. ಇಲ್ಲಿ ಸಿಂಹಗಳ ಮೈ, ಗುರಾಣಿಯ ನಡುಭಾಗ, ತಕ್ಕಡಿಯ ದಂಡಿಗೆ ಸಮನಾಗಿ ಮಟ್ಟವಾಗಿವೆ. ಕುಳಿಗಳು ಆ ಮಟ್ಟದ ಮೇಲೆ ಬಿದ್ದಿವೆ. ಎಂದರೆ ಮೊದಲು ಬಹುಕಾಲ ಓಡಾಡಿ, ಆಮೇಲೆ ಮಣ್ಣು ಸೇರಿದೆ. 1835ರ ಬಳಿಕವೂ ಹಳೆಯ ದುಡ್ಡು ನಮ್ಮ ಸಂತೆಗಳಲ್ಲಿ ಒಮ್ಮೆಲೆ ನಿಲ್ಲಲಿಲ್ಲ. ಪಶ್ಚಿಮಕ್ಕೆ ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ. ಅವು ಮುಂಬಯಿ ಪ್ರಾಂತದಲ್ಲಿ ಕೂಡಿದ್ದು 1948ರ ಮಾರ್ಚಿನಲ್ಲಿ. ಗಡಿಯ ಸಂತೆಗಳಲ್ಲಿ ಶಿವರಾಯಿ, ತಕ್ಕಡಿ, ರಾಣಿ ಎಲ್ಲವೂ ಒಂದೇ ಚೀಲದಲ್ಲಿ ನಡೆದಿರಬೇಕು. ನಾಲ್ಕೈದು ದಶಕ ಓಡಾಡಿತೆಂದರೆ ಹೊಸ್ತಿಲಿಗೆ ಬಂದದ್ದು 1870ರ ಆಚೀಚೆ. ಇದು ನನ್ನ ಊಹೆ, ಊಹೆಯೆಂದೇ ಹೇಳಿದೆನು.

ಮನೆಯ ಯಜಮಾನನ ಮುಖ ಸಣ್ಣದಾಯಿತು. "ಹಂಗಾದ್ರ ನಮ್ಮ ಹಿರೇರು ಹೇಳಿದ್ದು ಸುಳ್ಳೇನ್ರಿ?" ಎಂದನು. ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ, ಎಂಬತ್ತು ದಾಟಿದ ವೃದ್ಧೆ, ಅಷ್ಟು ಹೊತ್ತು ಸುಮ್ಮನಿದ್ದವರು ಆಗ ಬಾಯಿ ತೆರೆದರು:

"ಮನಿ ರಾಸ್ತೇರ ಕಾಲದ್ದ ಇರಬೇಕಪ್ಪ. ಬಾಗಲಾ ಅಲ್ಲ. ಧಾತು ಬರದಾಗ ತಲಬಾಗಲಾ ಹೊಸ್ತಲಾ ಎಲ್ಲಾ ಕಿತ್ತು ಮಾರಿ ಜ್ವಾಳಾ ತಂದಿದ್ರಂತ. ಆಮ್ಯಾಲೆ ಎಷ್ಟೋ ವರ್ಷ ತಟ್ಟೀನ ಕಟಗೊಂಡಿದ್ರಂತ. ನಮ್ಮತ್ತಿಗೆ ಅವರತ್ತಿ ಹೇಳಿದ್ದು. ಗಂಡಸರ ಮುಂದ ಆ ಮಾತು ಆಡತಿರಲಿಲ್ಲ."

ಧಾತು ಈಶ್ವರ ಸಂವತ್ಸರಗಳ ಬರವೆಂದರೆ 1876ರಿಂದ 78ರವರೆಗಿನದು. ನಾವು ಆಗ ಕಲಾದಗಿ ಜಿಲ್ಹೆಯಲ್ಲಿದ್ದೆವು. 1872ರ ಜನಗಣತಿಗೂ 1881ರದಕ್ಕೂ ನಡುವೆ ಆ ಜಿಲ್ಹೆಯ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದು ಆ ಅಂಕಿಯೊಳಗೆ ಬೆರೆತು ಹೋಗಿದೆ. ಬಾಗಿಲು ಮಾರಿದ ಮನೆಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಆ ಬರದ ಬಳಿಕ ಈ ಮನೆಯವರ ಕೈಗೆ ಮತ್ತೆ ನಾಲ್ಕು ಕಾಸು ಬಂದು, ಚೌಕಟ್ಟು ಮಾಡಿಸಿ ನಿಲ್ಲಿಸಿದ ದಿನ, ಹೊಸ್ತಿಲ ಕೆಳಗಿಡಲು ಅವರಿಗೆ ದೊರೆತದ್ದು ತಲೆತಲಾಂತರ ಕೈ ಬದಲಾಯಿಸಿ ಮೋರೆ ಸವೆದ ಈ ಕಾಲಾಣೆ. ನನ್ನ ಊಹೆಯೂ ವೃದ್ಧೆಯ ಮಾತೂ ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಕಾಲದಲ್ಲಿ ಕೂಡಿದುದನ್ನು ಕಂಡು ನನಗೆ ಹರ್ಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಂಕೋಚವಾಯಿತು. ನೂರೈವತ್ತು ವರ್ಷದಷ್ಟು ಕಾಲ ಹೆಣ್ಣುಮಕ್ಕಳು ಮುಚ್ಚಿಟ್ಟ ಮಾತನ್ನು ನಾನು ತಕ್ಕಡಿ ಕೈದೀಪಗಳನ್ನು ಹಿಡಿದು ಹೊರಗೆಳೆದಂತಾಯಿತು. ಯಜಮಾನನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಆ ಹಳೆಯ ಹೊಸ್ತಿಲನ್ನು ಸೌದೆಗೆ ಹಾಕಬೇಡಿರೆಂದು ಆಳುಗಳಿಗೆ ಕೂಗಿ ಹೇಳಿದನು.

ಹೊಸ ಬಾಗಿಲನ್ನು ಕಳೆದ ವೈಶಾಖದಲ್ಲಿ ನಿಲ್ಲಿಸಿದರು. ದುಡ್ಡನ್ನು ಯಾವುದಾದರೂ ವಸ್ತುಸಂಗ್ರಹಾಲಯಕ್ಕೆ ಕೊಡಬಹುದೆಂದು ನಾನು ಸೂಚಿಸಿದ್ದೆನು, ವೃದ್ಧೆಯು ಒಪ್ಪಲಿಲ್ಲ. ಅರಿಷಿಣ ಕುಂಕುಮ ಹಚ್ಚಿ, ನವಧಾನ್ಯದೊಡನೆ ಅದನ್ನು ತಾವೇ ಹೊಸ್ತಿಲ ಕೆಳಗೆ ಇಟ್ಟರು. ಜೊತೆಗೆ ಮೊಮ್ಮಗನು ಹತ್ತು ರೂಪಾಯಿಯ ಹೊಸ ಬಿಲ್ಲೆಯೊಂದನ್ನು, ಇಸವಿಯ ಮೈ ಮೇಲಾಗಿ ಇಟ್ಟನು. ಪಡಿಯಚ್ಚಿನ ಕಾಗದವು ನನ್ನಲ್ಲಿದೆ.